ಎಂಟು ಬಣ್ಣದ ಬಾವುಟ ಆರಕ್ಕೆ ಇಳಿದದ್ದು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಲಿಂಗಿಗಳೂ ಇತರ ಲೈಂಗಿಕ ಅಲ್ಪಸಂಖ್ಯಾತರೂ ನಡೆಸುವ ಪ್ರೈಡ್ ಮೆರವಣಿಗೆಯ ಕಾಮನಬಿಲ್ಲಿನ ಬಾವುಟದಲ್ಲಿ ಮೊದಲು ಎಂಟು ಬಣ್ಣಗಳಿದ್ದವೇ, ಇದ್ದರೆ ಎರಡನ್ನು ಕೈಬಿಟ್ಟದ್ದೇಕೆ ಎಂದು ತಾವು ಕೇಳಿದ್ದೀರಿ. ಇದ್ದದ್ದು ನಿಜ. 1978ರ ಜೂನ್ 25ರಂದು ಆ ನಗರದ ಯುನೈಟೆಡ್ ನೇಷನ್ಸ್ ಪ್ಲಾಜಾ ಎಂಬ ಚೌಕದಲ್ಲಿ ಹಾರಿದ ಮೊದಲ ಎರಡು ಬಾವುಟಗಳನ್ನು ಗಿಲ್ಬರ್ಟ್ ಬೇಕರ್, ಲಿನ್ ಸೆಗರ್‌ಬ್ಲಮ್, ಜೇಮ್ಸ್ ಮೆಕ್‌ನಮಾರ ಮತ್ತು ಹಲವು ಸ್ವಯಂಸೇವಕರು ಸೇರಿ, ಕಸದ ಡಬ್ಬಗಳಲ್ಲಿ ಬಣ್ಣ ಕದಡಿ, ಬಿಳಿಯ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ ಒಣಗಿಸಿ, ಪಟ್ಟಿಗಳನ್ನು ಒಂದಕ್ಕೊಂದು ಹೊಲಿದು ಸಿದ್ಧಪಡಿಸಿದ್ದರು. (ಕೀರ್ತಿ ಮಾತ್ರ ಬಹುಕಾಲ ಬೇಕರ್ ಒಬ್ಬರಿಗೇ ಸಂದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ.)

ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡೇ ನಗರದ ಚುನಾವಣೆಯಲ್ಲಿ ಗೆದ್ದಿದ್ದ ಹಾರ್ವೆ ಮಿಲ್ಕ್ ಅವರ ಹತ್ಯೆ ಅದೇ ವರ್ಷದ ನವೆಂಬರ್ 27ರಂದು ನಡೆದ ಮೇಲೆ ಬಾವುಟಕ್ಕೆ ಬೇಡಿಕೆ ಏರಿತು. ಆದರೆ ಕಡುಗುಲಾಬಿ ಬಟ್ಟೆ ಅಷ್ಟು ಪ್ರಮಾಣದಲ್ಲಿ ಸಿಗದ ಕಾರಣ ಆ ಪಟ್ಟಿಯನ್ನು ಬಿಡಬೇಕಾಯಿತು. 1979ರಲ್ಲಿ ಮಾರ್ಕೆಟ್ ಸ್ಟ್ರೀಟಿನ ಎರಡೂ ಬದಿಯ ದೀಪದ ಕಂಬಗಳಿಗೆ ಬಣ್ಣಗಳನ್ನು ಸಮನಾಗಿ ಹಂಚಿ ಕಟ್ಟಬೇಕೆಂದಾಗ ಏಳು ಪಟ್ಟಿಗಳು ಎರಡು ಪಾಲಾಗಲಿಲ್ಲ. ಹಸಿರು ಬೆರೆತ ತಿಳಿನೀಲಿ ಹೋದದ್ದು ಹೀಗೆ. ಮೊದಲ ಬಾವುಟದ ತುಂಡೊಂದು ಲೈಂಗಿಕ ಅಲ್ಪಸಂಖ್ಯಾತರ ಇತಿಹಾಸವನ್ನು ಕಾಪಿಡುವ, ಆ ನಗರದ ಜಿಎಲ್‌ಬಿಟಿ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹಾಲಯದಲ್ಲಿದೆ.