ಮಗು ಹಾಲು ಕುಡಿಯುವವರೆಗೆ ಗರ್ಭ ನಿಲ್ಲಲ್ವಾ?

ಪ್ರಶ್ನೆ: ನನಗೆ 27 ವರ್ಷ. ಮಗುವಿಗೆ ಐದು ತಿಂಗಳು. ಎದೆಹಾಲು ಮಾತ್ರ ಕೊಡುತ್ತಿದ್ದೇನೆ, ಇನ್ನೂ ಮುಟ್ಟಾಗಿಲ್ಲ. ಮಗು ಹಾಲು ಬಿಡುವವರೆಗೆ ಏನೂ ಆಗಲ್ಲ ಎನ್ನುತ್ತಾರೆ ಅತ್ತೆ. ಮಾತ್ರೆ, ಕಾಪರ್-ಟಿ ಬೇಡ, ಆ್ಯಪ್‌ನಲ್ಲಿ ದಿನ ಲೆಕ್ಕ ಹಾಕಿ ನೈಸರ್ಗಿಕವಾಗಿಯೇ ಇರೋಣ ಎನ್ನುತ್ತಾರೆ ನನ್ನವರು. ಮಾತ್ರೆಯಿಂದ ಮುಂದೆ ಮಕ್ಕಳಾಗಲ್ಲ ಎಂಬ ಭಯ ನನಗೆ. ಮೂರು ವರ್ಷ ಇನ್ನೊಂದು ಮಗು ಬೇಡ. ಏನು ಮಾಡಲಿ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಅತ್ತೆಯ ಮಾತಿನಲ್ಲಿ ನಿಜ ಇದೆ, ಆದರೆ ಅದಕ್ಕೆ ಗಡುವು ಇದೆ. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಶುರುವಾಗಿರಬಾರದು. ಹಗಲು ರಾತ್ರಿ ಎದೆಹಾಲೇ ಕೊಡುತ್ತಿರಬೇಕು. ಮೂರೂ ಇದ್ದರೆ ನೂರರಲ್ಲಿ ಸುಮಾರು 98 ತಾಯಂದಿರಿಗೆ ಗರ್ಭ ನಿಲ್ಲುವುದಿಲ್ಲ. ಒಂದು ತಪ್ಪಿದರೂ ನಂಬಬೇಡಿ. ನಿಮ್ಮ ಕೈಯಲ್ಲಿ ಇನ್ನು ಒಂದು ತಿಂಗಳಿದೆ ಅಷ್ಟೇ.

"ಮುಟ್ಟಾಗಲಿ, ಆಮೇಲೆ ನೋಡೋಣ" ಎಂದು ಮಾತ್ರ ಕಾಯಬೇಡಿ. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಅಂದರೆ ಹೆರಿಗೆಯ ನಂತರದ ಮೊದಲ ಮುಟ್ಟು ಕಾಣುವ ಮೊದಲೇ ಬಸುರಿಯಾಗಬಹುದು. ಹಾಲು ಕುಡಿಸ್ತಿದ್ದೀನಲ್ಲ, ಅದಕ್ಕೇ ಮುಟ್ಟು ನಿಂತಿದೆ ಎಂದುಕೊಂಡು ಬಸುರಿನ ನಾಲ್ಕನೇ ತಿಂಗಳಲ್ಲಿ ಆಸ್ಪತ್ರೆಗೆ ಬರುವವರಿದ್ದಾರೆ. ಆಗ ಅವರ ಮುಖ ನೋಡುವುದು ನನಗೆ ತುಂಬಾ ಕಷ್ಟ.

ಈಗ ಆ್ಯಪ್ ವಿಷಯ. ಬರೀ ದಿನ ಎಣಿಸುವ ಆ್ಯಪ್ ಹಿಂದಿನ ಮುಟ್ಟುಗಳನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ನಿಮಗೆ ಮುಟ್ಟೇ ಬಂದಿಲ್ಲ, ಅದು ಯಾವುದನ್ನು ಎಣಿಸಬೇಕು ಹೇಳಿ? ದಿನದ ಲೆಕ್ಕ ಹೊಂದುವುದು 26ರಿಂದ 32 ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವರಿಗೆ. ಅವರು ಮುಟ್ಟಾದ ಮೊದಲ ದಿನದಿಂದ ಎಣಿಸಿ 8ನೇ ದಿನದಿಂದ 19ನೇ ದಿನದವರೆಗೆ ಕೂಡಬಾರದು. ಅಂಡ ಬದುಕುವುದು ಒಂದೇ ದಿನವಾದರೂ ವೀರ್ಯಾಣು ಐದು ದಿನ ಕಾದಿರಬಲ್ಲದು, ಅದಕ್ಕೇ ಇಷ್ಟು ದಿನ ದೂರವಿರಬೇಕು. ಹೆರಿಗೆಯ ನಂತರದ ಮೊದಲ ಕೆಲವು ಮುಟ್ಟುಗಳು ಹೇಗೂ ಏರುಪೇರು. ಅಂಡ ಬಿಡುಗಡೆಯಾಯಿತೇ ಎಂದು ತಿಳಿಯಲು ಬೆಳಿಗ್ಗೆ ಎದ್ದ ಕೂಡಲೇ ಮೈ ಶಾಖ ಅಳೆಯುವ ವಿಧಾನವೂ ಇದೆ. ಶ್ರದ್ಧೆಯಿಂದ ಕಲಿತು ಮಾಡುವ ದಂಪತಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ರಾತ್ರಿ ನಾಲ್ಕು ಸಲ ಎದ್ದು ಹಾಲು ಕುಡಿಸುವ ತಾಯಿಗೆ ಅದು ಆಗುವ ಮಾತಲ್ಲ.

ಕೆಲವು ಅಂಕಿ ಹೇಳುತ್ತೇನೆ. ಮರೆವು, ತಪ್ಪು ಎಲ್ಲ ಸೇರಿ, ಒಂದು ವರ್ಷದಲ್ಲಿ ನೂರರಲ್ಲಿ ಎಷ್ಟು ಮಹಿಳೆಯರು ಬಸುರಿಯಾಗುತ್ತಾರೆ ಎಂಬ ಲೆಕ್ಕ ಇದು. ಗಂಡ "ನಾನು ಹುಷಾರಾಗಿರ್ತೀನಿ" ಎಂದು ಹೊರಗೆ ಬಿಡುವ ಪದ್ಧತಿಯಲ್ಲಿ ಸುಮಾರು 20. 8–19 ದಿನದ ಲೆಕ್ಕದಲ್ಲಿ 12. ಕಾಂಡೋಮ್‌ನಲ್ಲಿ 13. ಮಾತ್ರೆಯಲ್ಲಿ 7. ಕಾಪರ್-ಟಿಯಲ್ಲಿ ಒಂದಕ್ಕಿಂತ ಕಡಿಮೆ. ದಿನದ ಲೆಕ್ಕ, ಕಾಂಡೋಮ್ ಎರಡೂ ಹೆಚ್ಚುಕಡಿಮೆ ಒಂದೇ, ಅಲ್ವಾ? ನೈಸರ್ಗಿಕವೋ ಕೃತಕವೋ ಎಂದು ಕೇಳುವುದಕ್ಕಿಂತ, ಎಷ್ಟು ನೆನಪಿಡಬೇಕು, ಎಷ್ಟು ತಡೆದುಕೊಳ್ಳಬೇಕು ಎಂದು ಕೇಳಿಕೊಳ್ಳಿ.

ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಆದರೆ ಮಾಲಾ-ಎನ್‌ನಂಥ ಮಾತ್ರೆಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇದೆ, ಅದು ಹಾಲು ಕಡಿಮೆ ಮಾಡಬಹುದು. ಮಗುವಿಗೆ ಆರು ತಿಂಗಳಾಗುವವರೆಗೆ ಬೇಡ. ಲಖನೌದಲ್ಲಿ ಕಂಡುಹಿಡಿದ 'ಛಾಯಾ' ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ, ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ತಡವಾಗಿ ಬರಬಹುದು. ಮೂರು ತಿಂಗಳಿಗೊಮ್ಮೆಯ 'ಅಂತರಾ' ಇಂಜೆಕ್ಷನ್ ಕೂಡ ಆಗುತ್ತದೆ, ಆದರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಜಾಸ್ತಿ ಕಾಯಬೇಕಾಗಬಹುದು.

ಮೂರು ವರ್ಷ ಬೇಡ ಎಂದಿದ್ದೀರಿ. ನನ್ನ ಮಗಳು ಕೇಳಿದ್ದರೂ ಕಾಪರ್-ಟಿ ಎಂದೇ ಹೇಳುತ್ತಿದ್ದೆ. ಹಾರ್ಮೋನ್ ಇಲ್ಲ, ಹಾಲಿಗೆ ತೊಂದರೆ ಇಲ್ಲ. 380ಎ ಎಂಬುದು ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಕಾದಾಗ ತೆಗೆಸಬಹುದು. ತೆಗೆಸಿದ ಕೂಡಲೇ ಗರ್ಭ ನಿಲ್ಲುವ ಶಕ್ತಿ ಮರಳುತ್ತದೆ. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತಸ್ರಾವ, ಹೊಟ್ಟೆನೋವು ಜಾಸ್ತಿ ಇರಬಹುದು. ಹಾಗಾಗಿ ರಕ್ತಹೀನತೆ ಇದೆಯಾ ಎಂದು ಮೊದಲು ಪರೀಕ್ಷೆ ಮಾಡಿಸಿ.

ಇದನ್ನು ಕೇಳಲು ಸಂಕೋಚ ಬೇಡ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಗರ್ಭನಿರೋಧಕ ಕ್ಲಿನಿಕ್ ತೆರೆದಿತ್ತು. ಈಗ ಕಾಪರ್-ಟಿ, ಛಾಯಾ, ಅಂತರಾ ಮೂರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಮ್ಮವರನ್ನೂ ಕರೆದುಕೊಂಡು ಹೋಗಿ, ಅವರ ಅನುಮಾನವನ್ನು ಅವರೇ ಕೇಳಲಿ. ಮಗುವಿಗೆ ರಾಗಿ ಸರಿ ತಿನ್ನಿಸಲು ಶುರು ಮಾಡುವ ಮೊದಲೇ ಹೋಗಿ. ಆ ಮೂರು ಷರತ್ತು ಕೂಡಿರುವಾಗ ಹೋದರೆ ಮುಟ್ಟಿಗಾಗಿ ಕಾಯದೆ ಅವತ್ತೇ ಕಾಪರ್-ಟಿ ಹಾಕಿಸಿಕೊಳ್ಳಬಹುದು.