ಮೊದಲು ಲೆಕ್ಕ ಬರೆಯಿರಿ, ಮನಸ್ಸು ಆಮೇಲೆ ತಾನಾಗಿ ದಾರಿಗೆ ಬರುತ್ತದೆ

ಕೆಲಸ ಹೋಗಿದೆ, ಕಾರ್ಡಿನ ಸಾಲ ಬೆಳೆಯುತ್ತಿದೆ, ಹೆಂಡತಿಗೂ ಹೇಳಿಲ್ಲ, ಇಂಥ ಹೊತ್ತಲ್ಲಿ ಪಾಸಿಟಿವ್ ಆಗಿ ಯೋಚಿಸಿ ಸಮಸ್ಯೆ ಬಗೆಹರಿಸಿಕೊಳ್ಳುವುದನ್ನು ಕಲಿಯುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಒದ್ದಾಡಿದವನು.

ಅರಸೀಕೆರೆಯಲ್ಲಿ ನನ್ನದು ಫೋಟೋ ಸ್ಟುಡಿಯೋ. ಮದುವೆ ಸೀಸನ್ನಿನ ದುಡಿಮೆಯೇ ವರ್ಷದ ಅನ್ನ. 2020ರ ಸೀಸನ್ನಿಗೆ ಅಂತ ಕಂತಿನ ಮೇಲೆ ಹೊಸ ಕ್ಯಾಮೆರಾ ತಗೊಂಡೆ, ಲೆನ್ಸಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಮಾರ್ಚ್ ಕೊನೆಗೆ ಲಾಕ್‌ಡೌನ್. ಬುಕ್ ಆಗಿದ್ದ ಮದುವೆಗಳು ಒಂದೊಂದಾಗಿ ಮುಂದಕ್ಕೆ ಹೋದವು. ಕೆಲವರು ಮನೆ ಮುಂದೆಯೇ ಹತ್ತಿರದವರಷ್ಟೇ ಸೇರಿ ತಾಳಿ ಕಟ್ಟಿಸಿ, ಮೊಬೈಲಿನಲ್ಲೇ ಫೋಟೋ ತೆಗೆದುಕೊಂಡರು. ಅಡ್ವಾನ್ಸ್ ಕೊಟ್ಟವರು ವಾಪಸ್ ಕೇಳಿದರು. ಅದನ್ನೂ ಕಾರ್ಡಿನಿಂದಲೇ ಎಟಿಎಂನಲ್ಲಿ ತೆಗೆದು ಕೊಟ್ಟೆ.

ಆಗ ನಾನು ಭಾರೀ ಪಾಸಿಟಿವ್ ಆಗಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ಯಾರದ್ದಾದರೂ ಸ್ಫೂರ್ತಿಯ ಭಾಷಣ ಕೇಳುವುದು, ‘ಎಲ್ಲ ಒಳ್ಳೆಯದಾಗುತ್ತೆ’ ಅಂತ ಡೈರಿಯಲ್ಲಿ ಬರೆಯುವುದು. ಬ್ಯಾಂಕಿನ ಮೆಸೇಜ್ ಬಂದರೆ ಮಾತ್ರ ತೆರೆಯುತ್ತಿರಲಿಲ್ಲ, ದಿನ ಕೆಡುತ್ತದೆ ಅಂತ.

ನನ್ನನ್ನು ಮುಳುಗಿಸಿದ ತಪ್ಪು ಒಂದೇ, ಅದನ್ನು ಬಿಡಿಸಿ ಹೇಳುತ್ತೇನೆ. ಪ್ರತಿ ತಿಂಗಳು ‘ಮಿನಿಮಮ್ ಡ್ಯೂ’, ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬ್ಯಾಂಕ್ ಕೇಳುವ ಮೊತ್ತ, ಅಷ್ಟನ್ನೇ ಕಟ್ಟಿ, ಈ ತಿಂಗಳದ್ದು ಮುಗಿಯಿತು ಅಂದುಕೊಳ್ಳುತ್ತಿದ್ದೆ. ಐವತ್ತು ಸಾವಿರ ಬಾಕಿ ಇದೆ ಅಂತಿಟ್ಟುಕೊಳ್ಳಿ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ 1,750 ರೂಪಾಯಿ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 315. ಒಟ್ಟು 2,065. ಮಿನಿಮಮ್ ಡ್ಯೂ ಬಾಕಿಯ ಶೇ. 5, ಅಂದರೆ 2,500. ಕಟ್ಟಿದ್ದರಲ್ಲಿ ಅಸಲಿಗೆ ಹೋಗಿದ್ದು 435 ರೂಪಾಯಿ ಮಾತ್ರ! ಇಷ್ಟಕ್ಕೇ ನಿಲ್ಲುವುದಿಲ್ಲ. ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಅಂಗಡಿಯಲ್ಲಿ ಅಕ್ಕಿ ತಗೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ತೆಗೆದ ದುಡ್ಡಿಗಂತೂ ಆ ಅವಧಿಯೇ ಇಲ್ಲ, ಮೇಲೆ ಶುಲ್ಕ ಬೇರೆ. ರಿಸರ್ವ್ ಬ್ಯಾಂಕ್ ಆ ವರ್ಷ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಾಗ ಕಷ್ಟ ಕಳೆಯಿತು ಅಂತ ಖುಷಿಪಟ್ಟೆ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಸ್ಟೇಟ್‌ಮೆಂಟ್ ಒಮ್ಮೆ ತೆರೆದು ಓದಿದ್ದರೆ ಇದೆಲ್ಲ ಅದರಲ್ಲೇ ಬರೆದಿತ್ತು. 2021ರ ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಬಂದ್ ಆದಾಗ ಮಿನಿಮಮ್ ಡ್ಯೂ ಕಟ್ಟುವುದಕ್ಕೂ ಕೈಯಲ್ಲಿ ದುಡ್ಡಿರಲಿಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅಕ್ಕನ ಊರಿಗೆ ಹೋದೆ, ತಿಪಟೂರಿನ ಹತ್ತಿರ. ಊಟಕ್ಕೆ ಕೂತಾಗ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ‘ಯಾರೋ ಅದು, ಎಲೆ ಮುಂದೆ ಕೂತೋನ್ನೂ ಬಿಡಲ್ಲ?’ ಅಂದಳು. ಸುಳ್ಳು ಹೇಳಲು ಹೋದೆ, ಬಾಯಿ ಬರಲಿಲ್ಲ. ಅಕ್ಕ ಅವರೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಉದ್ದನೆಯ ನೋಟ್‌ಬುಕ್ ತಂದು ಸ್ಕೇಲ್ ಇಟ್ಟು ಗೆರೆ ಎಳೆದಳು: ಯಾರಿಗೆ, ಅಸಲು ಎಷ್ಟು, ನೂರಕ್ಕೆ ಎಷ್ಟು ಬಡ್ಡಿ, ಯಾವತ್ತು ಕಟ್ಟಬೇಕು. ಮೂರನೆಯದಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಫೋನಿನಲ್ಲಿ ಹುಡುಕಿ ಹೇಳಿದೆ. ‘ಮೂರೂವರೆ ರೂಪಾಯಿ ಬಡ್ಡಿನಾ? ನಮ್ಮೂರಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡೋನ ಬಾಗಿಲು ಯಾರೂ ತುಳಿಯಲ್ಲ ಕಣೋ’ ಅಂದಳು.

ಆ ಹಾಳೆ ನೋಡಿದ ಮೇಲೆ ನನಗೆ ಧೈರ್ಯ ಬಂತು. ಸಾಲ ಒಂದು ರೂಪಾಯಿಯೂ ಕಡಿಮೆ ಆಗಿರಲಿಲ್ಲ. ಆದರೆ ಯಾವುದನ್ನು ಮೊದಲು ತೀರಿಸಬೇಕು ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ಲೆನ್ಸ್ ಮಾರಿದೆ. ಅಕ್ಕ ತನ್ನ ಸರ ಬಿಚ್ಚಿಕೊಟ್ಟಳು. ಅದನ್ನು ಬ್ಯಾಂಕಿನಲ್ಲಿಟ್ಟಾಗ ನೂರಕ್ಕೆ ಒಂದು ರೂಪಾಯಿಗಿಂತ ಕಮ್ಮಿ ಬಡ್ಡಿ. ಕಾರ್ಡಿನ ಬಾಕಿ ಒಂದೇ ಸಲಕ್ಕೆ ಚುಕ್ತಾ ಮಾಡಿದೆ. ಮದುವೆಗಳು ಮತ್ತೆ ಶುರುವಾದ ಮೇಲೆ ಸರ ಬಿಡಿಸಿಕೊಟ್ಟೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಮನಸ್ಸು ಸರಿಮಾಡಿಕೊಂಡು ಆಮೇಲೆ ಸಮಸ್ಯೆಗೆ ಕೈ ಹಾಕುತ್ತೇನೆ ಅಂದರೆ ಬಡ್ಡಿ ಕಾಯುವುದಿಲ್ಲ. ಗೇಬ್ರಿಯೆಲೆ ಓಟಿಂಗನ್ ಅನ್ನುವ ಮನಶ್ಶಾಸ್ತ್ರಜ್ಞೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1991ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೂಕ ಇಳಿಸಲು ಬಂದ ಹೆಂಗಸರಿದ್ದರು. ‘ನನ್ನಿಂದ ಆಗುತ್ತದೆ’ ಅಂತ ನಂಬಿದವರು ಹೆಚ್ಚು ತೂಕ ಇಳಿಸಿದರು, ತೆಳ್ಳಗಾದಂತೆ ಸೊಗಸಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಕಡಿಮೆ ಇಳಿಸಿದರು. ನನ್ನ ಡೈರಿ ತುಂಬ ಇದ್ದದ್ದು ಎರಡನೆಯ ಥರದ್ದು. ನಂಬಿಕೆ ಹುಟ್ಟಿದ್ದು ಅಕ್ಕನ ಹಾಳೆಯಿಂದ.

ಇವತ್ತೇ ಆ ನಾಲ್ಕು ಗೆರೆ ಎಳೆಯಿರಿ, ರಾತ್ರಿ ಹೆಂಡತಿಯ ಮುಂದೆ ಇಡಿ. ಬೇಜಾರಾಗುತ್ತಾರೆ, ಆಗಲಿ, ಮುಚ್ಚಿಟ್ಟಷ್ಟೂ ಅವರ ನೋವು ದೊಡ್ಡದಾಗುತ್ತದೆ. ಸದ್ಯ ಸಂಬಳ ಇಲ್ಲದ್ದರಿಂದ ಅವರ ಒಡವೆಗೆ ಮಾತ್ರ ಕೈ ಹಾಕಬೇಡಿ, ಬಿಡಿಸುವ ದಾರಿ ಕಾಣುವವರೆಗೆ ಬೇಡವೇ ಬೇಡ. ಕಾರ್ಡ್ ಬಳಸುವುದು ನಿಲ್ಲಿಸಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿಕೊಡಿ ಅಂತ ಬ್ಯಾಂಕಿಗೆ ಕೇಳಿ. ‘ಪೂರ್ತಿ ಬೇಡ, ಇಷ್ಟು ಕಟ್ಟಿ ಸೆಟ್ಲ್ ಮಾಡಿಕೊಳ್ಳಿ’ ಅಂದರೆ ಆತುರಪಡಬೇಡಿ, ‘ಸೆಟ್ಲ್ಡ್’ ಅಂತ ನಿಮ್ಮ ಸಾಲದ ವರದಿಯಲ್ಲಿ ದಾಖಲಾದರೆ ಮುಂದೆ ಸಾಲ ಹುಟ್ಟುವುದು ಕಷ್ಟ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕೇ 2022ರಲ್ಲಿ ಹೇಳಿದೆ. ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಲೆಕ್ಕಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬ್ಯಾಂಕಿಗೆ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಬಾಯಿಮಾತಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬ್ಯಾಂಕಿನ ಮೇಲೆ ದೂರು ಬರೆದು ಕೊಟ್ಟಿದ್ದು, ಅದಕ್ಕೆ 30 ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಆಗ ಆ ಪ್ರತಿ ಬೇಕಾಗುತ್ತದೆ.