ಪ್ರತಿಭಾನ್ವಿತರ ತರಗತಿಗೆ ನಾಲ್ಕು ಅಂಕ ಕಡಿಮೆ ಬಂದಾಗ

ಪ್ರಶ್ನೆ: ನಮ್ಮ ಮಗಳಿಗೆ ಈಗ 8 ವರ್ಷ. ಅವಳ ಶಾಲೆಯಲ್ಲಿ ಪ್ರತಿಭಾನ್ವಿತ ಮಕ್ಕಳಿಗಾಗಿ ಪ್ರತ್ಯೇಕ ತರಗತಿಯಿದ್ದು, ಅದಕ್ಕೆ ಸೇರಲು ಬುದ್ಧ್ಯಂಕ ಕನಿಷ್ಠ 130 ಇರಬೇಕೆಂಬ ನಿಯಮವಿದೆ. ತರಗತಿಯ ಶಿಕ್ಷಕಿಯೇ ಅವಳ ಹೆಸರನ್ನು ಸೂಚಿಸಿದ್ದರು. ಪರೀಕ್ಷೆಯಲ್ಲಿ 126 ಬಂದು ಪ್ರವೇಶ ತಪ್ಪಿತು. ಮೇಲ್ಮನವಿ ಸಲ್ಲಿಸಬೇಕೇ, ಕೋಚಿಂಗ್ ಕೊಡಿಸಿ ಇನ್ನೊಮ್ಮೆ ಪರೀಕ್ಷೆಗೆ ಕೂರಿಸಬೇಕೇ ಅಥವಾ ಸುಮ್ಮನಿರಬೇಕೇ? ಮಗಳಿಗೆ ಏನು ಹೇಳಬೇಕೆಂಬುದೂ ತೋಚುತ್ತಿಲ್ಲ.

ಉತ್ತರ: ಬುದ್ಧ್ಯಂಕ ಪರೀಕ್ಷೆಗಳಲ್ಲಿ 100 ಎಂಬುದು ಸರಾಸರಿ, ನೂರು ಮಕ್ಕಳಲ್ಲಿ 130 ದಾಟುವವರು ಸುಮಾರು ಇಬ್ಬರು ಮಾತ್ರ. 126 ಪಡೆದ ನಿಮ್ಮ ಮಗಳು ಅದೇ ನೂರರಲ್ಲಿ 95 ಮಕ್ಕಳಿಗಿಂತ ಮುಂದಿದ್ದಾಳೆ. ಎರಡನೆಯ ಮಾತು, ಈ ಪರೀಕ್ಷೆಗಳ ವರದಿಯಲ್ಲಿ ಅಂಕದ ಪಕ್ಕದಲ್ಲೇ ಒಂದು ವ್ಯಾಪ್ತಿಯನ್ನೂ ನಮೂದಿಸಿರುತ್ತಾರೆ. ಯಾವ ಅಳತೆಯಲ್ಲಾದರೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುವುದರಿಂದ, ಮಗುವಿನ ನಿಜವಾದ ಸಾಮರ್ಥ್ಯ ಬಂದ ಅಂಕಕ್ಕಿಂತ ಸುಮಾರು 5 ಅಂಕ ಆಚೀಚೆ ಇರಬಹುದು ಎಂಬುದು ಅದರ ಅರ್ಥ. ಹಾಗಾಗಿ 126 ಮತ್ತು 130ರ ನಡುವೆ ಶಾಲೆ ಎಳೆದಿರುವ ಗೆರೆ ಆಡಳಿತದ ಅನುಕೂಲಕ್ಕಾಗಿ ಇರುವ ಗೆರೆಯೇ ಹೊರತು ಇಬ್ಬರು ಮಕ್ಕಳ ಬುದ್ಧಿಯನ್ನು ಬೇರ್ಪಡಿಸುವ ಗೆರೆಯಲ್ಲ.

ಮೇಲ್ಮನವಿಯ ವಿಷಯವನ್ನು ನಿರ್ಧರಿಸುವ ಮುನ್ನ ಪೂರ್ಣ ವರದಿಯನ್ನು ಕೇಳಿ ಪಡೆಯಿರಿ. ಒಟ್ಟು ಅಂಕವೊಂದನ್ನೇ ನೋಡಿ ಮುಂದುವರಿಯಬೇಡಿ. ಶಾಲಾ ಮಕ್ಕಳಿಗೆ ಹೆಚ್ಚಾಗಿ ಬಳಸುವ ವೆಕ್ಸ್‌ಲರ್ ಪರೀಕ್ಷೆಯಲ್ಲಿ ಭಾಷಾ ಗ್ರಹಿಕೆ, ತಾರ್ಕಿಕ ಚಿಂತನೆಗಳ ಜೊತೆಗೆ ಕೆಲಸದ ವೇಗಕ್ಕೂ ಪ್ರತ್ಯೇಕ ಅಂಕವಿರುತ್ತದೆ. ಆಳವಾಗಿ ಯೋಚಿಸುವ ಮಕ್ಕಳಲ್ಲಿ ಅನೇಕರು ಈ ವೇಗದ ಭಾಗದಲ್ಲಿಯೇ ಹಿಂದೆ ಬೀಳುತ್ತಾರೆ. ಚಿಹ್ನೆಗಳನ್ನು ನೋಡಿ ನೋಡಿ ಬೇಗ ಬರೆದುಕೊಂಡು ಹೋಗಬೇಕಾದ ಹಾಳೆಯೆದುರು, ಒಂದು ಗೆರೆ ಸೊಟ್ಟಗಾಯಿತೆಂದು ಮೇಜಿನ ಮೇಲೆ ಇಲ್ಲದ ರಬ್ಬರಿಗಾಗಿ ಕಣ್ಣಾಡಿಸುತ್ತಾ ಕುಳಿತ ಹುಡುಗನೊಬ್ಬನನ್ನು ನಾನು ಕಂಡಿದ್ದೇನೆ. ಅವನಿಗೆ ಗೊತ್ತಿಲ್ಲದ್ದು ಆ ಹಾಳೆಯಲ್ಲಿ ಏನೂ ಇರಲಿಲ್ಲ. ಸಮಯ ಮಾತ್ರ ಮುಗಿದುಹೋಯಿತು. ವೇಗ ಮತ್ತು ತಾತ್ಕಾಲಿಕ ನೆನಪಿನ ಭಾಗಗಳನ್ನು ಬಿಟ್ಟು ಲೆಕ್ಕ ಹಾಕುವ ಸಾಮಾನ್ಯ ಸಾಮರ್ಥ್ಯ ಸೂಚ್ಯಂಕವೂ ಇದೆ. ನಿಮ್ಮ ಮಗಳ ವರದಿಯಲ್ಲಿ ಈ ಭಾಗಗಳ ನಡುವೆ ದೊಡ್ಡ ಅಂತರವಿದ್ದರೆ ಆ ಸೂಚ್ಯಂಕವನ್ನು ಪರಿಗಣಿಸುವಂತೆ ಶಿಕ್ಷಕಿಯ ಪತ್ರ ಹಾಗೂ ಅವಳು ತಾನಾಗಿಯೇ ಮಾಡಿದ ಮೂರ್ನಾಲ್ಕು ಕೆಲಸಗಳ ಮಾದರಿಯೊಂದಿಗೆ ಮೇಲ್ಮನವಿ ಸಲ್ಲಿಸಿ. ಅಂತರವಿಲ್ಲದಿದ್ದರೆ, ಹೊಸ ಆಧಾರವಿಲ್ಲದ ಮನವಿಗೆ ಬೆಲೆ ಸಿಗುವುದು ಕಷ್ಟ.

ಕೋಚಿಂಗ್ ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಇಂಥ ಪ್ರಶ್ನೆಗಳನ್ನು ಮೊದಲ ಬಾರಿಗೆ ನೋಡಿದಾಗ ಮಗು ಹೇಗೆ ಯೋಚಿಸುತ್ತದೆ ಎಂಬುದನ್ನು ತಿಳಿಯಲೆಂದೇ ಪರೀಕ್ಷೆ ಇರುವಾಗ, ಅಭ್ಯಾಸ ಮಾಡಿಸಿ ಗಳಿಸಿದ ಅಂಕ ಏನನ್ನೂ ತಿಳಿಸುವುದಿಲ್ಲ. ಅದೇ ಪರೀಕ್ಷೆಯನ್ನು ಒಂದು ವರ್ಷದೊಳಗೆ ಪುನಃ ಕೊಡಲು ತಜ್ಞರು ಸಾಮಾನ್ಯವಾಗಿ ಒಪ್ಪದಿರುವುದೂ ಇದೇ ಕಾರಣಕ್ಕೆ.

ಇನ್ನು, ಆ ತರಗತಿಯಲ್ಲಿ ನಡೆಯುವುದೇನು ಎಂಬುದನ್ನು ನೀವು ವಿಚಾರಿಸಿದ್ದೀರಾ? ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ. ಕೆಲವೆಡೆ ಪಾಠ ನಿಜಕ್ಕೂ ಆಳವಾಗಿರುತ್ತದೆ. ಕೆಲವೆಡೆ ಹೋಂವರ್ಕ್ ಮಾತ್ರ ಇಮ್ಮಡಿಯಾಗಿರುತ್ತದೆ. ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಅನುಮತಿ ಕೇಳಿ. ಮಗಳಿಗೆ ಗಣಿತವೊಂದರಲ್ಲೇ ಹಸಿವು ಹೆಚ್ಚಿದ್ದರೆ, ಆ ಒಂದು ಪಿರಿಯಡ್‌ಗೆ ಮೇಲಿನ ತರಗತಿಯಲ್ಲಿ ಕುಳಿತುಕೊಳ್ಳುವ ಏರ್ಪಾಡು ವಿಶೇಷ ತರಗತಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಅಂಕದ ಗೆರೆಯಿಂದ ಹೊರಗುಳಿದವರ ಬಗ್ಗೆ ಹೇಳುವುದಾದರೆ, ಮನಃಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ ದೀರ್ಘ ಅಧ್ಯಯನ ಆರಂಭಿಸಿದಾಗ, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಹುಡುಗರು ಆಯ್ಕೆಯಾಗಲಿಲ್ಲ. ಮುಂದೆ ಇಬ್ಬರಿಗೂ, 1956 ಮತ್ತು 1968ರಲ್ಲಿ, ಭೌತಶಾಸ್ತ್ರದ ನೊಬೆಲ್ ಬಂತು.

ಮಗಳಿಗೆ ವಿಷಯವನ್ನು ಮುಚ್ಚಿಡಬೇಡಿ. ನಿಮ್ಮ ಮುಖ ನೋಡಿಯೇ ಅವಳಿಗೆ ಅರ್ಧ ಗೊತ್ತಾಗಿರುತ್ತದೆ. ಅಂಕವನ್ನು ಹೇಳುವ ಅಗತ್ಯವಿಲ್ಲ. ಈ ವರ್ಷ ಆ ತರಗತಿಗೆ ನಿನ್ನನ್ನು ತೆಗೆದುಕೊಂಡಿಲ್ಲ, ನಿನಗೆ ಇಷ್ಟವಾದದ್ದನ್ನು ಹೆಚ್ಚಾಗಿ ಕಲಿಯಲು ನಾವು ಬೇರೆ ದಾರಿ ಹುಡುಕುತ್ತಿದ್ದೇವೆ ಎಂದು ಹೇಳಿ, ಅವಳ ಪ್ರಶ್ನೆಗಳು ಮುಗಿಯುವವರೆಗೂ ಪಕ್ಕದಲ್ಲಿ ಕುಳಿತಿರಿ.

ಪ್ರಶ್ನೆ: ನಮ್ಮ ಮಗ ಇಂಥದೇ ತರಗತಿಗೆ ಹೋದ ವರ್ಷ ಆಯ್ಕೆಯಾದ. ಈಗ ‘ನಾನು ದಡ್ಡ’ ಎಂದು ಅಳುತ್ತಾನೆ. ಬಿಡಿಸಿಬಿಡಬೇಕೇ?

ಉತ್ತರ: ಅವಸರ ಬೇಡ. ಎಲ್ಲದರಲ್ಲೂ ಮೊದಲಿಗನಾಗಿದ್ದ ಮಗು ತನ್ನಂಥವರ ನಡುವೆ ಬಂದಾಗ ತನ್ನನ್ನು ಅವರೊಡನೆ ಹೋಲಿಸಿಕೊಂಡು ಕುಗ್ಗುವುದು ಸಹಜ. ‘ನೀನು ಜಾಣ’ ಎನ್ನುವುದನ್ನು ಮನೆಯಲ್ಲಿ ಕೆಲಕಾಲ ನಿಲ್ಲಿಸಿ, ಒಂದು ಲೆಕ್ಕವನ್ನು ಅವನು ಹೇಗೆ ಬಿಡಿಸಿದನೆಂದು ಕೇಳಿ ತಿಳಿದುಕೊಳ್ಳಿ. ಜಾಣತನವನ್ನೇ ಹೊಗಳಿಸಿಕೊಂಡ ಮಕ್ಕಳು ಸೋಲಿನೆದುರು ಬೇಗ ಕೈಚೆಲ್ಲುವುದನ್ನು ಮನಃಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿಯೇ ತೋರಿಸಿದ್ದಾರೆ. ಒಂದು ಅವಧಿ ಕಳೆದ ಮೇಲೂ ನಿದ್ದೆ, ಊಟ ಕೆಡುತ್ತಿದ್ದರೆ ಅಥವಾ ಶಾಲೆಗೆ ಹೊರಡುವಾಗ ಹೊಟ್ಟೆನೋವು ಬರುತ್ತಿದ್ದರೆ, ಶಿಕ್ಷಕರೊಂದಿಗೆ ಮಾತನಾಡಿ ಹಳೆಯ ತರಗತಿಗೆ ಮರಳಿಸಿ.